ಹೆಸರು ಸಿಗದ ಜೆನೆಟಿಕ್ ಕಾಯಿಲೆ: ಮಗುವನ್ನು ಬೆಳೆಸುತ್ತಿರುವ ಮನೆಗೆ ಸಮಗ್ರ ಮಾರ್ಗದರ್ಶಿ

ಮಗುವಿಗೆ ಎಂಟು ತಿಂಗಳಾದರೂ ಕತ್ತು ನಿಂತಿಲ್ಲ. ಎಂಆರ್‌ಐ ಆಯಿತು, ಇಇಜಿ ಆಯಿತು, ಸಿರಿಂಜುಗಟ್ಟಲೆ ರಕ್ತ ಹೋಯಿತು. ಕೊನೆಗೆ ಡಾಕ್ಟರು, "ಇದು ಜೆನೆಟಿಕ್ ಇರಬೇಕು, ಆದರೆ ಯಾವುದೆಂದು ಗೊತ್ತಾಗುತ್ತಿಲ್ಲ" ಎನ್ನುತ್ತಾರೆ. ಆ ಮಾತು ಕೇಳಿಕೊಂಡು ಮನೆಗೆ ಬಂದವರಲ್ಲಿ ಕೆಲವರು ಹೆಸರು ಹುಡುಕುತ್ತಾ ಊರೂರು ಅಲೆದು ಕೈ ಬರಿದು ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು, ಹೆಸರೇ ಇಲ್ಲದ ಕಾಯಿಲೆಗೆ ಔಷಧಿ ಎಲ್ಲಿಂದ ಬರಬೇಕು ಎಂದು ಕೈಚೆಲ್ಲಿ ಕೂರುತ್ತಾರೆ. ಎರಡರಲ್ಲೂ ಮಗುವಿಗೇ ನಷ್ಟ.

ಫಿಟ್ಸ್ ಹತೋಟಿಗೆ ತರಲು, ತಿಂದದ್ದು ಶ್ವಾಸಕೋಶಕ್ಕೆ ಹೋಗದಂತೆ ನೋಡಿಕೊಳ್ಳಲು, ಬೆನ್ನು ಸೊಟ್ಟಗಾಗದಂತೆ ಕೂರಿಸಲು, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಲು, ಶಾಲೆಗೆ ಸೇರಿಸಲು ಕಾಯಿಲೆಯ ಹೆಸರು ಬೇಕಿಲ್ಲ. ಈ ಕೆಲಸಗಳೆಲ್ಲ ಇಂದೇ ಶುರುವಾಗಬೇಕು. ಹೆಸರು ಬೇಕಾಗುವುದು ಕೆಲವಕ್ಕೆ ಮಾತ್ರ: ನಿರ್ದಿಷ್ಟ ಔಷಧಿ ಇದೆಯೇ ಎಂದು ತಿಳಿಯಲು, ಮುಂದಿನ ಬಸಿರಿನಲ್ಲಿ ಪರೀಕ್ಷೆ ಮಾಡಿಸಲು, ಅಪರೂಪದ ಕಾಯಿಲೆಗಳ ಯೋಜನೆಯ ಹಣ ಪಡೆಯಲು. ಅದಕ್ಕಾಗಿ ಹುಡುಕಾಟ ಒಂದು ಕಡೆ ನಡೆಯುತ್ತಿರಲಿ. ಆರೈಕೆ ಮಾತ್ರ ಅದಕ್ಕಾಗಿ ಕಾಯಬಾರದು.

ಮೊದಲ ಕೆಲಸ: ಕಡತ

ಸ್ಟೇಷನರಿ ಅಂಗಡಿಯಿಂದ ಒಂದು ದಪ್ಪ ಬಾಕ್ಸ್ ಫೈಲ್, ನೂರು ಪಾರದರ್ಶಕ ಹಾಳೆ ಕವರು, ಒಂದು ಇನ್ನೂರು ಪುಟದ ನೋಟ್‌ಬುಕ್ ತನ್ನಿ. ಕಾಗದಗಳನ್ನು ಆಸ್ಪತ್ರೆವಾರು ಜೋಡಿಸಬೇಡಿ, ತಾರೀಖಿನ ಪ್ರಕಾರ ಜೋಡಿಸಿ. ಹೊಸದು ಮೇಲೆ, ಹಳೆಯದು ಕೆಳಗೆ. ಹೊಸ ಡಾಕ್ಟರಿಗೆ ಸಿಗುವುದು ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಅವರಿಗೆ ಕಾಣಬೇಕಾದದ್ದು ಕಾಯಿಲೆ ಹೇಗೆ ನಡೆದು ಬಂತು ಎಂಬುದು. ಲ್ಯಾಬಿನ ಥರ್ಮಲ್ ಕಾಗದದ ಮುದ್ರಣ ಒಂದೆರಡು ವರ್ಷದಲ್ಲಿ ಮಾಸುತ್ತದೆ, ಹಾಗಾಗಿ ಬಂದ ದಿನವೇ ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಸ್ಕ್ಯಾನ್ ಮಾಡಿಡಿ. ಎಂಆರ್‌ಐನ ಫಿಲ್ಮ್ ಒಂದೇ ಸಾಲದು, ಸಿಡಿಯನ್ನೂ ಕೇಳಿ ಪಡೆಯಿರಿ. ಎರಡು ವರ್ಷದ ನಂತರ ಬೇರೆ ನರರೋಗ ತಜ್ಞರು ಅದೇ ಚಿತ್ರವನ್ನು ಹೊಸ ಕಣ್ಣಿನಿಂದ ನೋಡಬೇಕೆಂದರೆ ಬೇಕಾಗುವುದು ಆ ಸಿಡಿಯೇ.

ಕಡತದಲ್ಲಿ ಇರಲೇಬೇಕಾದ, ಆದರೆ ಹೆಚ್ಚಿನವರು ಇಡದ ನಾಲ್ಕು ವಿಷಯಗಳಿವೆ.

ಒಂದು, ಮೂರು ತಲೆಮಾರಿನ ವಂಶವೃಕ್ಷ. ಅಜ್ಜ ಅಜ್ಜಿ, ಅವರ ಒಡಹುಟ್ಟಿದವರು, ಅವರ ಮಕ್ಕಳು ಎಲ್ಲರೂ ಬರಲಿ. ಗರ್ಭಪಾತ, ಸತ್ತು ಹುಟ್ಟಿದ ಮಗು, "ಎಳವೆಯಲ್ಲೇ ಹೋಯಿತು" ಎಂದು ಒಂದೇ ಮಾತಿನಲ್ಲಿ ಮುಗಿಸುವ ಮಗು, ಯಾವುದೂ ಬಿಟ್ಟುಹೋಗಬಾರದು. ಈ ಮಾತು ಹಿರಿಯರಿಂದ ಹೊರಬರಬೇಕಾದರೆ ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿ ಕೇಳಬೇಕು. ತುಂಬಿದ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಮದುವೆ ಸಂಬಂಧದಲ್ಲಿ ಆಗಿದ್ದರೆ ಬರೀ "ಹೌದು" ಎಂದು ಬರೆಯದೆ ಬಿಡಿಸಿ ಬರೆಯಿರಿ: ಸೋದರಮಾವನೇ, ಅತ್ತೆಯ ಮಗನೇ, ಮಾವನ ಮಗಳೇ. ಸಂಬಂಧ ಇಲ್ಲ ಎನ್ನುವವರು ಎರಡೂ ಕಡೆಯ ಮೂಲ ಊರಿನ ಹೆಸರು ಬರೆಯಿರಿ. ಒಂದೇ ಊರು, ಒಂದೇ ಒಳಪಂಗಡ ಆಗಿದ್ದರೆ ತಜ್ಞರಿಗೆ ಅದೂ ಸುಳಿವು.

ಎರಡು, ಬೆಳವಣಿಗೆಯ ದಿನಚರಿ. ಕತ್ತು ನಿಂತದ್ದು, ಮಗುಚಿದ್ದು, ಕೂತದ್ದು, ಮೊದಲ ಮಾತು. ಕಲಿತದ್ದನ್ನು ಮಗು ಯಾವಾಗಲಾದರೂ ಮರೆಯಿತೇ ಎಂಬುದು ಇವೆಲ್ಲಕ್ಕಿಂತ ಮುಖ್ಯ. ನಿಧಾನವಾಗಿ ಕಲಿಯುವ ಮಗುವಿಗೂ, ಕಲಿತದ್ದನ್ನು ಕಳೆದುಕೊಳ್ಳುವ ಮಗುವಿಗೂ ಹುಡುಕಬೇಕಾದ ಕಾಯಿಲೆಗಳ ಪಟ್ಟಿಯೇ ಬೇರೆ. ನೆನಪು ನಂಬಬೇಡಿ. ನಾಮಕರಣದ, ಹಬ್ಬದ ಹಳೆಯ ವಿಡಿಯೋಗಳಲ್ಲಿ ತಾರೀಖು ಇರುತ್ತದೆ, ಅದನ್ನು ನೋಡಿ ಬರೆಯಿರಿ.

ಮೂರು, ಅಳತೆ. ತೂಕ, ಎತ್ತರ, ತಲೆಯ ಸುತ್ತಳತೆ. ತಲೆಯನ್ನು ಹಿಗ್ಗದ ಟೇಪಿನಲ್ಲಿ ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನ ಮೇಲೆ ಹಾಯಿಸಿ ಮೂರು ಸಲ ಅಳೆದು ಅತಿ ದೊಡ್ಡ ಅಂಕಿ ಬರೆಯಿರಿ. ಮೊದಲ ಎರಡು ವರ್ಷ ತಿಂಗಳಿಗೊಮ್ಮೆ ಸಾಕು. ಅಪ್ಪ ಅಮ್ಮನ ತಲೆಯನ್ನೂ ಒಮ್ಮೆ ಅಳೆದಿಡಿ. ಮನೆತನದಲ್ಲೇ ತಲೆ ದೊಡ್ಡದಿದ್ದರೆ ತಜ್ಞರಿಗೆ ಅದೊಂದು ಗೊಂದಲ ಕಳೆಯುತ್ತದೆ.

ನಾಲ್ಕು, ವಿಡಿಯೋ. ಮಗು ಬೆಚ್ಚಿಬೀಳುವುದು, ಕಣ್ಣು ಮೇಲೆ ಹೋಗುವುದು, ಕೈ ತಿರುಚುವುದು ಡಾಕ್ಟರ ಮುಂದೆ ಎಂದೂ ಆಗುವುದಿಲ್ಲ. ಆಗುತ್ತಿರುವಾಗ ಹೊದಿಕೆ ಸರಿಸಿ, ದೀಪ ಹಾಕಿ, ತಲೆಯಿಂದ ಕಾಲಿನವರೆಗೆ ಇಡೀ ದೇಹ ಕಾಣುವಂತೆ ಹಿಡಿಯಿರಿ. ನಡುವೆ ಮುಖ, ಕಣ್ಣು ಹತ್ತಿರದಿಂದ ತೋರಿಸಿ. ಹೆಸರು ಹಿಡಿದು ಕರೆಯಿರಿ, ಸ್ಪಂದಿಸುತ್ತದೆಯೇ ಎಂಬುದು ದಾಖಲಾಗಲಿ. ಕೈಕಾಲಿನ ಅದುರು ಕಂಡರೆ ಮೆಲ್ಲಗೆ ಹಿಡಿದು ನೋಡಿ, ಹಿಡಿದಾಗ ನಿಲ್ಲುತ್ತದೆಯೇ ಎಂಬುದೂ ವಿಡಿಯೋದಲ್ಲಿ ಬರಲಿ. ಮುಗಿದ ಮೇಲೂ ಒಂದು ನಿಮಿಷ ನಿಲ್ಲಿಸಬೇಡಿ; ನಂತರದ ಮಂಪರು ಕೂಡ ಡಾಕ್ಟರಿಗೆ ಏನೋ ಹೇಳುತ್ತದೆ. ಈ ವಿಡಿಯೋ ಡಾಕ್ಟರಿಗಷ್ಟೇ ಹೋಗಬೇಕು. ನೆಂಟರ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಮಗುವಿಗೂ ಮಾನ ಇದೆ.

ಎರಡನೆಯದು: ಚಿಕಿತ್ಸೆ ಇರುವುದನ್ನು ಮೊದಲು ನೋಡಿ

ದುಬಾರಿ ಜೀನ್ ಪರೀಕ್ಷೆಗೆ ಮುನ್ನ ಡಾಕ್ಟರನ್ನು ನೇರವಾಗಿ ಕೇಳಿ: "ಔಷಧಿಯಿಂದಲೋ ಪಥ್ಯದಿಂದಲೋ ಹತೋಟಿಗೆ ಬರಬಹುದಾದ ಕಾಯಿಲೆಗಳನ್ನೆಲ್ಲ ನೋಡಿ ಆಯಿತೇ?" ಥೈರಾಯ್ಡ್ ಕೊರತೆ, ಬಯೋಟಿನಿಡೇಸ್ ಕೊರತೆ, ಪಿರಿಡಾಕ್ಸಿನ್‌ಗೆ ಬಗ್ಗುವ ಫಿಟ್ಸ್, ಮಿದುಳಿಗೆ ಗ್ಲುಕೋಸ್ ಸಾಗದ ಗ್ಲಟ್-1 ತೊಂದರೆ ಈ ಸಾಲಿನವು. ಬಯೋಟಿನಿಡೇಸ್ ಕೊರತೆಗೆ ದಿನಾ ಬಯೋಟಿನ್ ಮಾತ್ರೆ ಕೊಟ್ಟರೆ ಸಾಕು; ತಡವಾದರೆ ಹೋದ ಕಿವಿ ಮತ್ತು ಕಣ್ಣು ಹಿಂದಿರುಗದೇ ಹೋಗಬಹುದು. ಜೆನೆಟಿಕ್ ಅಲ್ಲದ, ಆದರೆ ಹಾಗೆಯೇ ಕಾಣುವ ಒಂದನ್ನು ನಮ್ಮ ಕಡೆ ಮರೆಯಲೇಬಾರದು: ಬರೀ ಎದೆಹಾಲು ಕುಡಿಯುವ ಮಗುವಿನ ಬಿ12 ಕೊರತೆ. ತಾಯಿ ಕಟ್ಟಾ ಸಸ್ಯಾಹಾರಿ, ಮಗು ಮಂಕು, ಬೆರಳಿನ ಗೆಣ್ಣು ಕಪ್ಪು, ಕೂದಲು ತೆಳು ಕಂದು, ಕೈ ನಡುಕ, ಕಲಿತದ್ದು ಮರೆಯುತ್ತಿದೆ ಎಂದಾದರೆ ಮೊದಲು ತಾಯಿ ಮಗು ಇಬ್ಬರ ಬಿ12 ನೋಡಬೇಕು.

ಮೆಟಬಾಲಿಕ್ ಪರೀಕ್ಷೆಗಳು, ಅಂದರೆ ದೇಹ ಆಹಾರವನ್ನು ಒಡೆದು ಬಳಸುವ ಕ್ರಿಯೆಯನ್ನು ನೋಡುವ ಪರೀಕ್ಷೆಗಳು, ದಾರಿ ತಪ್ಪಿಸುವುದು ಬಹುಪಾಲು ಸ್ಯಾಂಪಲ್ ತೆಗೆಯುವ ರೀತಿಯಿಂದ. ಅಮೋನಿಯಾ ನೋಡಲು ತೆಗೆದ ರಕ್ತ ಐಸ್ ಮೇಲೆ ಕೂತು ಕೂಡಲೇ ಲ್ಯಾಬಿಗೆ ಹೋಗಬೇಕು. ಟೇಬಲ್ ಮೇಲೆ ಅರ್ಧ ಗಂಟೆ ಉಳಿದರೆ ಅಂಕಿ ಸುಳ್ಳೇ ಏರುತ್ತದೆ. ಮಗು ಕಿರುಚಿ ಅತ್ತರೆ, ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತಾದರೆ ಲ್ಯಾಕ್ಟೇಟ್ ಏರುತ್ತದೆ. ಮಗು ಜ್ವರ ವಾಂತಿಯಿಂದ ಸೋತು ಮಲಗಿದಾಗ ತೆಗೆದ ರಕ್ತ ಮೂತ್ರಗಳೇ ಹೆಚ್ಚು ಹೇಳುತ್ತವೆ. ಹಾಗಾಗಿ "ಮುಂದಿನ ಸಲ ಅಡ್ಮಿಟ್ ಆದಾಗ ಡ್ರಿಪ್ ಹಾಕುವ ಮೊದಲೇ ತೆಗೆಯಬೇಕಾದ ಪರೀಕ್ಷೆಗಳು" ಎಂಬ ಚೀಟಿಯನ್ನು ತಜ್ಞರಿಂದ ಬರೆಸಿಟ್ಟುಕೊಳ್ಳಿ. ನಡುರಾತ್ರಿಯ ಡ್ಯೂಟಿ ಡಾಕ್ಟರಿಗೆ ಆ ಚೀಟಿ ತೋರಿಸಿದರೆ ಸಾಕು.

ಮೂರನೆಯದು: ಜೀನ್ ಪರೀಕ್ಷೆ

ಕರ್ನಾಟಕದಲ್ಲಿ ಇದಕ್ಕೆ ಹೋಗಬೇಕಾದ ಜಾಗಗಳು ಗೊತ್ತಿರಲಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಜೊತೆಯಾಗಿ ಉತ್ಕೃಷ್ಟತಾ ಕೇಂದ್ರ ಎನಿಸಿಕೊಂಡಿವೆ. ನರ ಸ್ನಾಯು ತೊಂದರೆಗೆ ನಿಮ್ಹಾನ್ಸ್ ಇದೆ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಇದೆ. ಜೆನೆಟಿಕ್ಸ್ ಡಾಕ್ಟರು ಅಥವಾ ಕೌನ್ಸೆಲರ್ ಇಲ್ಲದೆ ಲ್ಯಾಬಿಗೆ ನೇರವಾಗಿ ರಕ್ತ ಕಳಿಸಬೇಡಿ. ಲಕ್ಷಣಗಳನ್ನು ಸರಿಯಾಗಿ ಬರೆದುಕೊಡದ ಸ್ಯಾಂಪಲ್‌ನಲ್ಲಿ ಸಾವಿರಾರು ವ್ಯತ್ಯಾಸಗಳ ನಡುವೆ ಯಾವುದನ್ನು ನೋಡಬೇಕು ಎಂದು ಲ್ಯಾಬಿಗೂ ತಿಳಿಯುವುದಿಲ್ಲ.

ಪರೀಕ್ಷೆಗಳು ಒಂದೊಂದೂ ಒಂದೊಂದು ಅಳತೆಯ ಜರಡಿ. ಕ್ಯಾರಿಯೋಟೈಪ್ ಇಡೀ ಕ್ರೋಮೋಸೋಮ್ ಹೆಚ್ಚು ಕಡಿಮೆ ಆಗಿದೆಯೇ ಎಂದು ನೋಡುತ್ತದೆ. ಮೈಕ್ರೋಅರೇ ಅದರೊಳಗಿನ ತುಂಡು ಕಳೆದಿದೆಯೇ, ಎರಡಾಗಿದೆಯೇ ಎಂದು ನೋಡುತ್ತದೆ. ಎಕ್ಸೋಮ್ ಪರೀಕ್ಷೆ ಪ್ರೊಟೀನಿಗೆ ಸಂಬಂಧಿಸಿದ ಅಕ್ಷರಗಳನ್ನು ಒಂದೊಂದಾಗಿ ಓದುತ್ತದೆ. ಇದು ಇಡೀ ಡಿಎನ್‌ಎಯ ಶೇ 1ರಿಂದ 2ರಷ್ಟು ಮಾತ್ರ, ಆದರೆ ಈವರೆಗೆ ಗೊತ್ತಿರುವ ದೋಷಗಳಲ್ಲಿ ಹೆಚ್ಚಿನವು ಇರುವುದು ಅಲ್ಲೇ. ಜೀನೋಮ್ ಪರೀಕ್ಷೆ ಪೂರ್ತಿ ಓದುತ್ತದೆ.

ಎಕ್ಸೋಮ್ ಮಾಡಿಸುವುದಾದರೆ ಅಪ್ಪ, ಅಮ್ಮ, ಮಗು ಮೂವರ ರಕ್ತವನ್ನೂ ಒಟ್ಟಿಗೆ ಕಳಿಸುವ ಟ್ರಯೋ ಒಳ್ಳೆಯದು. ಮಗುವಿನಲ್ಲಿ ಕಂಡ ದೋಷ ಅಪ್ಪ ಅಮ್ಮನಿಂದ ಬಂದದ್ದೋ, ಮಗುವಿನಲ್ಲೇ ಹೊಸದಾಗಿ ಆದದ್ದೋ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಖರ್ಚು ಉಳಿಸಲು ಮಗುವಿನದ್ದಷ್ಟೇ ಮಾಡಿಸಿ, ಕಂಡದ್ದನ್ನು ಅಪ್ಪ ಅಮ್ಮನಲ್ಲಿ ಆಮೇಲೆ ನೋಡುವುದೂ ಉಂಟು. ಆಗ ಅವರ ಸ್ಯಾಂಪಲ್ ಕೊಟ್ಟೇ ಕೊಡಿ, ಅರ್ಧಕ್ಕೆ ಬಿಡಬೇಡಿ. ಮಗುವಿಗೆ ಇತ್ತೀಚೆಗೆ ರಕ್ತ ಕೊಡಿಸಿದ್ದರೆ ಮೊದಲೇ ಹೇಳಿ.

ರಿಪೋರ್ಟ್ ಬಂದಾಗ ದೋಷಗಳನ್ನು ಐದು ದರ್ಜೆಯಲ್ಲಿ ಬರೆದಿರುತ್ತಾರೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಖಚಿತವಿಲ್ಲ, ಬಹುಶಃ ನಿರುಪದ್ರವಿ, ನಿರುಪದ್ರವಿ. ಮನೆಗಳನ್ನು ಕಾಡುವುದು ನಡುವಿನದು. ಲ್ಯಾಬಿನವರು ಇದನ್ನು ವಿಯುಎಸ್ ಎನ್ನುತ್ತಾರೆ. ರಿಪೋರ್ಟಿನಲ್ಲಿ ಅದರ ಪಕ್ಕದಲ್ಲೇ ಒಂದು ಕಾಯಿಲೆಯ ಹೆಸರೂ ಅಚ್ಚಾಗಿರುತ್ತದೆ. ಅದನ್ನು ಓದಿ ಗೂಗಲ್ ಮಾಡಿ, "ನಮ್ಮ ಮಗುವಿಗೆ ಇದೇ" ಎಂದು ಊರಿಗೆಲ್ಲ ಹೇಳಿದವರು ಎಷ್ಟೋ ಮಂದಿ. ವಿಯುಎಸ್ ಎಂದರೆ ಕಾಯಿಲೆ ಸಿಕ್ಕಿತು ಎಂದಲ್ಲ. ಅದರ ಮೇಲೆ ಬಸಿರಿನ ನಿರ್ಧಾರ ಮಾಡಬಾರದು, ಔಷಧಿ ಬದಲಿಸಬಾರದು. ಹಾಗೆಯೇ "ನೆಗೆಟಿವ್" ಎಂದರೆ ಜೆನೆಟಿಕ್ ಅಲ್ಲ ಎಂದೂ ಅಲ್ಲ. ಅಕ್ಷರಗಳು ಪದೇ ಪದೇ ಮರುಕಳಿಸುವ ಫ್ರಾಜೈಲ್ ಎಕ್ಸ್‌ನಂಥವು, ಮೀಥೈಲೇಷನ್ (ಜೀನನ್ನು ಸುಮ್ಮನಿರಿಸುವ ರಾಸಾಯನಿಕ ಗುರುತು) ಏರುಪೇರಿನ ಪ್ರಾಡರ್-ವಿಲ್ಲಿ, ಏಂಜಲ್‌ಮನ್, ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎಯ ದೋಷ ಇವು ಸಾಮಾನ್ಯ ಎಕ್ಸೋಮ್‌ನಲ್ಲಿ ಜಾರಿಹೋಗಬಹುದು. ಇವಕ್ಕೆ ಬೇರೆ ಪರೀಕ್ಷೆ ಬೇಕು.

ಇಲ್ಲಿ ಹೆಚ್ಚಿನ ಮನೆಗಳು ಮಾಡುವ ತಪ್ಪೆಂದರೆ ರಿಪೋರ್ಟ್ ತೆಗೆದುಕೊಂಡು ಬಂದುಬಿಡುವುದು. ರಿಪೋರ್ಟ್ ನಾಲ್ಕು ಪುಟದ ತೀರ್ಪು ಅಷ್ಟೇ, ಸಾಕ್ಷ್ಯವೆಲ್ಲ ಇರುವುದು ಲ್ಯಾಬಿನ ಕಂಪ್ಯೂಟರಿನಲ್ಲಿ. ಫಾಸ್ಟ್‌ಕ್ಯೂ, ಬ್ಯಾಮ್, ವಿಸಿಎಫ್ ಎಂಬ ಆ ಕಚ್ಚಾ ಕಡತಗಳನ್ನು ಲಿಖಿತವಾಗಿ ಕೇಳಿ. ಕೇಳುವುದನ್ನು ಹಣ ಕಟ್ಟುವ ದಿನವೇ ಮಾಡಿ. ಲ್ಯಾಬ್‌ಗಳು ಇವನ್ನು ಎಂದೆಂದಿಗೂ ಇಟ್ಟುಕೊಳ್ಳುವುದಿಲ್ಲ. ಒಂದು ಹಾರ್ಡ್ ಡಿಸ್ಕ್ ಮನೆಯಲ್ಲಿ, ಇನ್ನೊಂದು ಪ್ರತಿ ನಂಬಿಕಸ್ತ ನೆಂಟರ ಮನೆಯಲ್ಲಿರಲಿ. ಹೊಸ ಜೀನ್‌ಗಳು ಪ್ರತಿ ವರ್ಷ ಪತ್ತೆಯಾಗುತ್ತಲೇ ಇವೆ. ಅದೇ ಹಳೆಯ ಕಡತವನ್ನು ಒಂದೂವರೆ ಎರಡು ವರ್ಷಕ್ಕೊಮ್ಮೆ ಮರುವಿಶ್ಲೇಷಣೆ ಮಾಡಿಸಿದರೆ, ಮತ್ತೆ ರಕ್ತ ತೆಗೆಯದೆಯೇ, ಒಂದಷ್ಟು ಮನೆಗಳಿಗೆ ಉತ್ತರ ಸಿಗುತ್ತದೆ. ಮಗುವಿನಲ್ಲಿ ಹೊಸ ಲಕ್ಷಣ ಕಂಡರೆ ಎರಡು ವರ್ಷ ಕಾಯದೆ ಆಗಲೇ ಕೇಳಿ. ಫೋನಿನ ಕ್ಯಾಲೆಂಡರಿನಲ್ಲಿ ಆ ತಾರೀಖು ಇಂದೇ ಹಾಕಿ, ಯಾಕೆಂದರೆ ಲ್ಯಾಬಿನವರು ಕರೆದು ಹೇಳುವುದಿಲ್ಲ.

ಉತ್ತರ ಸಿಗದಿದ್ದಾಗ ಸಂಶೋಧನೆಯ ಬಾಗಿಲೂ ಇದೆ. ಸಿಎಸ್‌ಐಆರ್‌ನ ಜೀನ್ ಸಂಶೋಧನಾ ಸಂಸ್ಥೆ ಐಜಿಐಬಿಯ ಗಾರ್ಡಿಯನ್ ಜಾಲ ಭಾರತದ ಅಪರೂಪದ ಕಾಯಿಲೆಗಳ ಜೀನ್ ಸಂಶೋಧನೆಗೆಂದೇ ಕಟ್ಟಿದ್ದು. ಅಮೆರಿಕದಲ್ಲಿ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಪತ್ತೆಯಾಗದ ಕಾಯಿಲೆಗಳಿಗೆಂದು 2008ರಲ್ಲಿ ಆರಂಭಿಸಿದ ಕಾರ್ಯಕ್ರಮ ಈಗ ಹಲವು ಆಸ್ಪತ್ರೆಗಳ ಜಾಲವಾಗಿದೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ತಮ್ಮ ಡಾಕ್ಟರ ಮೂಲಕ ಅರ್ಜಿ ಹಾಕಬಹುದು. ಬೆಂಗಳೂರಿನ ಒಆರ್‌ಡಿಐ ಸಂಸ್ಥೆ ಅಪರೂಪದ ಕಾಯಿಲೆಯ ಕುಟುಂಬಗಳನ್ನು ಒಬ್ಬರಿಗೊಬ್ಬರು ತಲುಪಿಸುವ ಕೆಲಸ ಮಾಡುತ್ತಿದೆ.

ನಾಲ್ಕನೆಯದು: ದಿನದ ಆರೈಕೆ

ಊಟದಿಂದ ಶುರು ಮಾಡೋಣ, ಈ ಮಕ್ಕಳನ್ನು ಆಸ್ಪತ್ರೆಗೆ ಸೇರಿಸುವಂತೆ ಮಾಡುವುದು ಹೆಚ್ಚಾಗಿ ಊಟವೇ. ತೊಡೆಯ ಮೇಲೆ ಮಲಗಿಸಿ, ಕತ್ತು ಹಿಂದಕ್ಕೆ ಬಾಗಿಸಿ ಒಳಲೆಯಲ್ಲಿ ಗಂಜಿ ಸುರಿಯುವ ನಮ್ಮ ಹಳೆಯ ಪದ್ಧತಿ ನುಂಗಲು ಕಷ್ಟಪಡುವ ಮಗುವಿಗೆ ಅಪಾಯ. ಕತ್ತು ಹಿಂದೆ ಬಿದ್ದಾಗ ಗಾಳಿಯ ಕೊಳವೆ ತೆರೆದುಕೊಳ್ಳುತ್ತದೆ, ಗಂಜಿ ಅಲ್ಲಿಗೇ ಇಳಿಯುತ್ತದೆ. ಬೆನ್ನು ನೇರ, ಗದ್ದ ಎದೆಯ ಕಡೆಗೆ ಚೂರು ಬಾಗಿ, ಪಾದಕ್ಕೆ ಆಧಾರ ಇರುವಂತೆ ಕೂರಿಸಿ. ನೀವು ಮಗುವಿನ ಕಣ್ಣಿನ ಮಟ್ಟಕ್ಕೇ ಕೂತುಕೊಳ್ಳಿ. ನಿಂತು ತಿನ್ನಿಸಿದರೆ ಮಗು ಕತ್ತೆತ್ತುತ್ತದೆ. ಚಪ್ಪಟೆ ಚಿಕ್ಕ ಚಮಚದ ತುದಿಯಲ್ಲಿ ಅರ್ಧ ಚಹಾ ಚಮಚದಷ್ಟು, ನಾಲಿಗೆಯ ನಡುವೆ ಇಟ್ಟು ಮೆಲ್ಲಗೆ ಒತ್ತಿ, ಚಮಚವನ್ನು ನೇರ ಹೊರಗೆ ತನ್ನಿ. ಮೇಲಿನ ತುಟಿಗೆ ಒರೆಸಬೇಡಿ. ಗಂಟಲು ಒಮ್ಮೆ ಏರಿ ಇಳಿದದ್ದನ್ನು ಕಂಡ ಮೇಲೆ ಮುಂದಿನ ಚಮಚ.

ನೀರಿನಂತೆ ತೆಳ್ಳಗಿರುವುದು ನುಂಗಲು ಸುಲಭ ಎಂದುಕೊಳ್ಳುತ್ತೇವೆ. ಇಂಥ ಮಕ್ಕಳಿಗೆ ಅದು ಅತಿ ವೇಗ. ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರುವಷ್ಟು ಮಂದ ಇರುವ ರಾಗಿ ಸರಿ, ಗಂಟಿಲ್ಲದಂತೆ ಸೋಸಿದ್ದು, ಬಹಳ ಮಕ್ಕಳಿಗೆ ಹೊಂದುತ್ತದೆ. ಎಷ್ಟು ಮಂದ ಬೇಕೆಂದು ನುಂಗುವ ತೊಂದರೆಯಲ್ಲಿ ಅನುಭವ ಇರುವ ಸ್ಪೀಚ್ ಥೆರಪಿಸ್ಟ್ ನೋಡಿ ಹೇಳಬೇಕು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್ ಇದಕ್ಕೆ ಹೆಸರಾದದ್ದು. ತೂಕ ಏರದಿದ್ದರೆ ಒಂದು ಬಟ್ಟಲಿಗೆ ಒಂದು ಚಹಾ ಚಮಚ ತುಪ್ಪ ಸೇರಿಸಿದರೆ ಸುಮಾರು 40 ಕ್ಯಾಲೊರಿ ಹೆಚ್ಚುತ್ತದೆ. ಆದರೆ ಎಚ್ಚರ: ಮೆಟಬಾಲಿಕ್ ಕಾಯಿಲೆಯ ಅನುಮಾನ ಇನ್ನೂ ಕಳೆದಿಲ್ಲ ಎಂದಾದರೆ ಕೇಳದೆ ತುಪ್ಪವನ್ನೂ, ಪ್ರೊಟೀನ್ ಪುಡಿಯನ್ನೂ ಹಾಕಬೇಡಿ. ಕೆಲವು ಕಾಯಿಲೆಗಳಲ್ಲಿ ಕೊಬ್ಬು ಕರಗುವುದಿಲ್ಲ, ಕೆಲವದರಲ್ಲಿ ಪ್ರೊಟೀನ್ ಅಮೋನಿಯಾ ಏರಿಸುತ್ತದೆ. ಅಂಥ ಅನುಮಾನ ಇರುವ ಮಗುವನ್ನು ಜ್ವರ ಬಂದಾಗ ಬರಿಹೊಟ್ಟೆಯಲ್ಲಿ ಮಲಗಲು ಬಿಡಬಾರದು, ಉಪವಾಸ ಎಷ್ಟು ಗಂಟೆ ಮೀರಬಾರದು ಎಂಬುದನ್ನು ಡಾಕ್ಟರಿಂದ ಬರೆಸಿಕೊಳ್ಳಿ.

ಊಟದ ನಡುವೆ ಕೆಮ್ಮು, ಕಣ್ಣಲ್ಲಿ ನೀರು, ಗೊರಗೊರ ದನಿ, ತಿಂದ ರಾತ್ರಿ ಜ್ವರ, ಪದೇ ಪದೇ ನ್ಯುಮೋನಿಯಾ ಬರುತ್ತಿದ್ದರೆ ಊಟ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ಕೆಲವು ಮಕ್ಕಳಲ್ಲಿ ಕೆಮ್ಮೇ ಬರುವುದಿಲ್ಲ, ಸದ್ದಿಲ್ಲದೆ ಇಳಿಯುತ್ತದೆ. ಒಂದು ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತಿದ್ದು ತೂಕವೂ ನಿಂತಿದ್ದರೆ ಹೊಟ್ಟೆಗೆ ನೇರ ಕೊಳವೆ ಹಾಕಿಸುವ ಮಾತನ್ನು ಮುಂದೂಡಬೇಡಿ. "ಬಾಯಲ್ಲಿ ತಿನ್ನಿಸಲಾರದ ತಾಯಿ" ಎಂದು ಯಾರಾದರೂ ಅಂದಾರೆಂಬ ಭಯಕ್ಕೆ ಮಗು ಸೊರಗಬಾರದು. ಕೊಳವೆ ಬಂದ ಮೇಲೂ ರುಚಿಗೆ ಎರಡು ಚಮಚ ಪಾಯಸ ನೆಕ್ಕಿಸಬಹುದೇ ಎಂದು ಕೇಳಿ, ಹಲವರಿಗೆ ಒಪ್ಪಿಗೆ ಸಿಗುತ್ತದೆ. ಮೂಗಿನ ಕೊಳವೆ ಇದ್ದರೆ ಪ್ರತಿ ಸಲ ಹಾಲು ಬಿಡುವ ಮೊದಲು ಸಿರಿಂಜಿನಲ್ಲಿ ಎಳೆದ ದ್ರವವನ್ನು ಆಮ್ಲ ಅಳೆಯುವ ಪಿಎಚ್ ಪಟ್ಟಿಯಲ್ಲಿ ನೋಡಿ. 5.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಬಿಡಿ. ಮುಗಿದ ಮೇಲೆ 5ರಿಂದ 10 ಮಿಲಿ ಕಾಯಿಸಿ ಆರಿಸಿದ ನೀರು ಹಾಯಿಸಿ. ಇಲ್ಲದಿದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಊಟ ಯಾವ ದಾರಿಯಲ್ಲಿ ಹೋದರೂ ಅರ್ಧ ಗಂಟೆ ಮಲಗಿಸಬೇಡಿ.

ಔಷಧಿಯನ್ನು ಅಡುಗೆ ಚಮಚದಲ್ಲಿ ಎಂದೂ ಅಳೆಯಬೇಡಿ, ಸೂಜಿಯಿಲ್ಲದ ಸಿರಿಂಜ್ ಬಳಸಿ. ನೋಟ್‌ಬುಕ್ಕಿನಲ್ಲಿ ಮಿಲಿಲೀಟರ್ ಜೊತೆಗೆ ಮಿಲಿಗ್ರಾಮ್ ಕೂಡ ಬರೆಯಿರಿ. ಔಷಧಿ ಅಂಗಡಿಯವರು ಬೇರೆ ಕಂಪನಿಯ ಸಿರಪ್ ಕೊಟ್ಟಾಗ ಅದರ ಸಾಂದ್ರತೆ ಎರಡು ಪಟ್ಟು ಇರಬಹುದು, ಹಳೆಯ ಅಳತೆಯಲ್ಲೇ ಕೊಟ್ಟರೆ ಮಗು ವಿಪರೀತ ಮಂಪರಿಗೆ ಜಾರಬಹುದು. ಫಿಟ್ಸ್ ಮಾತ್ರೆ ಮುಗಿಯಲು ಹತ್ತು ದಿನ ಇರುವಾಗಲೇ ಮುಂದಿನದು ತನ್ನಿ. ಮೈಟೊಕಾಂಡ್ರಿಯದ ಕಾಯಿಲೆ ಇರಬಹುದು ಎಂಬ ಮಾತು ಬಂದಿದ್ದರೆ ವಾಲ್ಪ್ರೋಯೇಟ್ ಎಂಬ ಫಿಟ್ಸ್ ಔಷಧಿ ಕೊಡುವ ಮುನ್ನ ಡಾಕ್ಟರಿಗೆ ಅದನ್ನು ನೆನಪಿಸಿ, ಕೆಲವು ಜೀನ್ ದೋಷಗಳಲ್ಲಿ ಅದು ಲಿವರ್ ಕೆಡಿಸುತ್ತದೆ. ಕೊಡುತ್ತಿರುವ ಔಷಧಿಯನ್ನು ಮಾತ್ರ ನೀವಾಗಿ ಥಟ್ಟನೆ ನಿಲ್ಲಿಸಬೇಡಿ.

ಫಿಟ್ಸ್ ಬಂದಾಗ

ಮೊದಲು ಗಡಿಯಾರ ನೋಡಿ. ಆಮೇಲೆ ಮಗುವನ್ನು ನೆಲದ ಮೇಲೆ ಎಡಕ್ಕೋ ಬಲಕ್ಕೋ ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮಡಿಸಿದ ಟವೆಲ್ ಇಡಿ, ಕೊರಳಿನ ಗುಂಡಿ, ಸರ, ತಾಯತದ ದಾರ ಸಡಿಲಿಸಿ. ಜೊಲ್ಲು ತಾನಾಗಿ ಹೊರಗೆ ಹರಿಯಲಿ. ಬಾಯಿಗೆ ಚಮಚ, ಬಟ್ಟೆ, ಬೆರಳು, ನೀರು ಏನನ್ನೂ ಹಾಕಬೇಡಿ. ಕೈಗೆ ಬೀಗದ ಕೈಗೊಂಚಲು ಕೊಡುವುದು, ಈರುಳ್ಳಿ ಹಿಂಡಿ ಮೂಸಿಸುವುದು, ಚಪ್ಪಲಿ ಮೂಗಿಗೆ ಹಿಡಿಯುವುದು ಇವುಗಳಿಂದ ಫಿಟ್ಸ್ ನಿಲ್ಲುವುದಿಲ್ಲ. ಹೆಚ್ಚಿನವು ಎರಡು ಮೂರು ನಿಮಿಷದಲ್ಲಿ ತಾವಾಗಿ ನಿಲ್ಲುವುದರಿಂದ, ಆ ಹೊತ್ತಿಗೆ ಕೈಯಲ್ಲಿದ್ದ ಕಬ್ಬಿಣಕ್ಕೆ ಹೆಸರು ಬಂದಿದೆ ಅಷ್ಟೇ. ಇದನ್ನು ಅಜ್ಜಿಗೆ, ಪಕ್ಕದ ಮನೆಯವರಿಗೆ ಆರಾಮವಾಗಿರುವ ಒಂದು ಸಂಜೆ ಹೇಳಿಕೊಡಿ. ಆ ಗಳಿಗೆಯಲ್ಲಿ ವಾದಕ್ಕೆ ಹೊತ್ತಿಲ್ಲ.

ಐದು ನಿಮಿಷ ದಾಟಿದರೆ ಡಾಕ್ಟರು ಬರೆದುಕೊಟ್ಟ ಫಿಟ್ಸ್ ನಿಲ್ಲಿಸುವ ಮಿಡಜೋಲಮ್ ಮೂಗಿನ ಸ್ಪ್ರೇ ಕೊಟ್ಟು 108ಕ್ಕೆ ಕರೆ ಮಾಡಿ. ಎಷ್ಟು ಸಲ ಒತ್ತಬೇಕು ಎಂಬುದು ಮಗುವಿನ ತೂಕದ ಮೇಲೆ ನಿಂತಿದೆ. ಪ್ರತಿ ಆರು ತಿಂಗಳಿಗೆ ತೂಕ ಹೇಳಿ ಹೊಸದಾಗಿ ಬರೆಸಿಕೊಂಡು, ಆ ಸಂಖ್ಯೆಯನ್ನು ಸ್ಪ್ರೇ ಡಬ್ಬಿಯ ಮೇಲೇ ಮಾರ್ಕರ್‌ನಲ್ಲಿ ಬರೆಯಿರಿ. ಅವಧಿ ಮುಗಿಯುವ ತಾರೀಖನ್ನೂ ಬರೆಯಿರಿ. ಸ್ಪ್ರೇ ಫ್ರಿಜ್ಜಿನ ಮೇಲೋ ಬೀರುವಿನೊಳಗೋ ಅಲ್ಲ, ಮಗು ಇರುವಲ್ಲೇ ಇರಬೇಕು.

ಬಾಗಿಲ ಹತ್ತಿರ ಒಂದು ಚೀಲ ಸದಾ ತೂಗಿರಲಿ. ಅದರಲ್ಲಿ ಮೂರು ದಿನದ ಔಷಧಿ, ಸಿರಿಂಜ್‌ಗಳು, ಥರ್ಮಾಮೀಟರ್, ಚಾರ್ಜರ್, ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್, ಮತ್ತು ಒಂದು ಪುಟದ ತುರ್ತು ಹಾಳೆ. ಆ ಹಾಳೆಯ ಮೊದಲ ಸಾಲಿನಲ್ಲಿ ಮಗುವಿನ ಹೆಸರು, ವಯಸ್ಸು, ತೂಕ, ತೂಕ ನೋಡಿದ ತಾರೀಖು. ಎರಡನೇ ಸಾಲು: "ಜೆನೆಟಿಕ್ ಕಾಯಿಲೆ, ಇನ್ನೂ ಪತ್ತೆಯಾಗಿಲ್ಲ, ತನಿಖೆ ನಡೆಯುತ್ತಿದೆ." ಆಮೇಲೆ ಮಗು ಸಹಜವಾಗಿ ಹೇಗಿರುತ್ತದೆ ಎಂಬ ಎರಡು ಸಾಲು. ಇದು ಬಹಳ ಮುಖ್ಯ, ಯಾಕೆಂದರೆ ಕೂರಲಾಗದಿರುವುದು, ದಿಟ್ಟಿಸದಿರುವುದು ಮಗುವಿನ ಎಂದಿನ ಸ್ಥಿತಿಯೋ ಇವತ್ತಿನದ್ದೋ ಎಂದು ಹೊಸ ಡಾಕ್ಟರಿಗೆ ತಿಳಿಯುವುದಿಲ್ಲ. ನಂತರ ಔಷಧಿಗಳು ಮಿಲಿಗ್ರಾಮ್‌ನಲ್ಲಿ, ಅಲರ್ಜಿ, ಕೊಡಬಾರದ ಔಷಧಿ, ಅರಿವಳಿಕೆ ಕೊಡುವಾಗ ಹಿಂದೆ ಆದ ತೊಂದರೆ, ಉಪವಾಸದ ಮಿತಿ, ಮೂಲ ಡಾಕ್ಟರ ಹೆಸರು ನಂಬರು. ಕೆಳಗೆ ಡಾಕ್ಟರ ಸಹಿ, ಮೊಹರು. ಸಹಿ ಇಲ್ಲದ ಹಾಳೆಯನ್ನು ಎಮರ್ಜೆನ್ಸಿಯಲ್ಲಿ ಪಕ್ಕಕ್ಕಿಡುತ್ತಾರೆ.

ಐದನೆಯದು: ಮನೆಮಂದಿ

"ಯಾರ ಕಡೆಯಿಂದ ಬಂತು?" ಎಂಬ ಪ್ರಶ್ನೆ ಎಲ್ಲ ಮನೆಯಲ್ಲೂ ಏಳುತ್ತದೆ, ಏಟು ಬೀಳುವುದು ತಾಯಿಗೆ. ಗ್ರಹಣದ ದಿನ ಹೊರಗೆ ಬಂದಳು, ಪಪ್ಪಾಯಿ ತಿಂದಳು, ಅವಳ ತವರಿನಲ್ಲಿ ನಾಗದೋಷ ಇದೆ. ಇದಕ್ಕೆ ಕೌನ್ಸೆಲಿಂಗ್‌ಗೆ ಅತ್ತೆ ಮಾವನನ್ನೂ ಕರೆದುಕೊಂಡು ಹೋಗುವುದು ನಾವು ಕಂಡಂತೆ ಬಹಳ ಕೆಲಸ ಮಾಡುತ್ತದೆ. ಡಾಕ್ಟರ ಬಾಯಿಂದ ಕೇಳಲಿ: ರಿಸೆಸಿವ್ ಕಾಯಿಲೆಯಾದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ದೋಷದ ಜೀನ್ ಬಂದರೇ ಕಾಯಿಲೆ. ಮಗುವಿನಲ್ಲೇ ಹೊಸದಾಗಿ ಆದ ದೋಷವಾದರೆ ಯಾರ ಕಡೆಯಿಂದಲೂ ಬಂದದ್ದಲ್ಲ.

ಹರಕೆ, ಪೂಜೆ, ಕುಕ್ಕೆಯಲ್ಲಿ ಸರ್ಪ ಸಂಸ್ಕಾರ ಮಾಡಿಸಬೇಕೆಂದು ಹಿರಿಯರಿಗೆ ಇದ್ದರೆ ಜಗಳ ಬೇಡ, ಅವರ ಸಂಕಟಕ್ಕೂ ಒಂದು ದಾರಿ ಬೇಕಲ್ಲ. ಎರಡು ಗೆರೆ ಮಾತ್ರ ಗಟ್ಟಿಯಾಗಿ ಎಳೆಯಿರಿ. ವ್ರತದ ನೆಪದಲ್ಲಿ ಮಗುವಿನ ಔಷಧಿಯಾಗಲಿ ಊಟವಾಗಲಿ ತಪ್ಪಬಾರದು. ಏನಿದೆ ಎಂದು ಬರೆಯದ ಪುಡಿ, ಭಸ್ಮ ಹೊಟ್ಟೆಗೆ ಹೋಗಬಾರದು. ಸೀಸ, ಪಾದರಸ ಇರುವ ಭಸ್ಮ ಮಿದುಳು ಕಿಡ್ನಿ ಎರಡನ್ನೂ ಕೆಡಿಸುತ್ತದೆ.

ರಾತ್ರಿಯ ಪಾಳಿ ಹಂಚಿಕೊಳ್ಳಿ: ಹತ್ತರಿಂದ ಎರಡು ಒಬ್ಬರು, ಎರಡರಿಂದ ಆರು ಇನ್ನೊಬ್ಬರು, ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ. ಒಂದೇ ಕೋಣೆಯಲ್ಲಿ ಮಲಗಿದರೆ ಇಬ್ಬರೂ ಎಚ್ಚರವೇ. ನೆಂಟರು "ಏನಾದರೂ ಬೇಕಿದ್ದರೆ ಹೇಳಿ" ಎಂದಾಗ ನಿಜವಾಗಿಯೂ ಹೇಳಿ: ಶನಿವಾರ ಮಧ್ಯಾಹ್ನ ಎರಡು ಗಂಟೆ ಕೂತಿರಿ, ಮಂಗಳವಾರ ಸಾರು ಮಾಡಿ ಕಳಿಸಿ. ಮಗು ಹದಿನೈದು ಕೆಜಿ ದಾಟಿದ ಮೇಲೆ ಸೊಂಟ ಬಾಗಿಸಿ ಎತ್ತಬೇಡಿ, ಮಂಡಿ ಮಡಿಸಿ ಮಗುವನ್ನು ಎದೆಗಾನಿಸಿ ಏಳಿ. ಬದುಕೇ ಬೇಡ ಎನ್ನಿಸುವಷ್ಟು ದಣಿದರೆ ಅದನ್ನು ನುಂಗಿಕೊಳ್ಳಬೇಡಿ. ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆರನೆಯದು: ಸರ್ಕಾರಿ ಕಾಗದ

ಯುಡಿಐಡಿ ಕಾರ್ಡಿಗೆ ಕಾಯಿಲೆಯ ಹೆಸರು ಬೇಕೆಂದು ಯಾರಾದರೂ ವಾಪಸು ಕಳಿಸಿದರೆ ಒಪ್ಪಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸುತ್ತದೆ. ಇಲ್ಲಿ ಅಳೆಯುವುದು ಮಗುವಿಗೆ ಏನು ಕಷ್ಟ ಎಂಬುದನ್ನು. ಅದು ಬುದ್ಧಿ ಬೆಳವಣಿಗೆಯ ಕುಂಠಿತ, ಚಲನೆಯ ತೊಂದರೆ, ಬಹುವಿಧ ಅಂಗವೈಕಲ್ಯ ಹೀಗೆ ಇರಬಹುದು. ಬುದ್ಧಿ ಬೆಳವಣಿಗೆಯ ವಿಭಾಗದಲ್ಲಿ ಒಂದು ವರ್ಷ ತುಂಬಿದ ಮಗುವಿಗೆ ಸರ್ಟಿಫಿಕೇಟ್ ಸಿಗುತ್ತದೆ. ಐದು ವರ್ಷದೊಳಗೆ ಅದನ್ನು ಬೆಳವಣಿಗೆಯ ವಿಳಂಬ ಎಂದು ಬರೆಯುತ್ತಾರೆ, ಐದು ತುಂಬಿದಾಗ ನವೀಕರಿಸಬೇಕು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಎಂಬ ಪುನರ್ವಸತಿ ಕಾರ್ಯಕರ್ತರು ಈ ಕೆಲಸಕ್ಕೇ ಇರುವವರು. ಸರ್ಟಿಫಿಕೇಟ್ ಕೊಡುವ ಮೆಡಿಕಲ್ ಬೋರ್ಡಿನ ಮುಂದೆ ಮಗುವಿನ ಒಳ್ಳೆಯ ದಿನದ ಮಾತು ಹೇಳಬೇಡಿ. "ಊಟ ಮಾಡುತ್ತಾನೆಯೇ?" ಎಂದರೆ "ಹೂಂ" ಎನ್ನುವ ಬದಲು "ಪ್ರತಿ ತುತ್ತು ನಾವೇ ತಿನ್ನಿಸಬೇಕು" ಎನ್ನಿ.

ಶೇ 40 ಅಥವಾ ಅದಕ್ಕೂ ಹೆಚ್ಚಿನ ಅಂಗವೈಕಲ್ಯದ ಕಾರ್ಡ್ ಕೈಗೆ ಬಂದರೆ ನಾಡಕಚೇರಿಯಲ್ಲಿ ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ಕುಂಠಿತ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಇದೆ, ಥೆರಪಿಯ ಖರ್ಚೂ ಸೇರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಅಂಗವಿಕಲ ಅವಲಂಬಿತರಿಗಾಗಿ ಸಿಗುವ ತೆರಿಗೆ ವಿನಾಯಿತಿ (1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ) 75,000 ರೂಪಾಯಿ, ಅಂಗವೈಕಲ್ಯ ಶೇ 80 ಅಥವಾ ಅದಕ್ಕೂ ಹೆಚ್ಚಾದರೆ 1,25,000. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 730 ದಿನದ ಮಕ್ಕಳ ಆರೈಕೆ ರಜೆ ಇದೆ, ಅಂಗವಿಕಲ ಮಗುವಿಗಾದರೆ ವಯಸ್ಸಿನ ಮಿತಿ ಇಲ್ಲ. ಅಪರೂಪದ ಕಾಯಿಲೆಗಳ ನೀತಿಯಲ್ಲಿ 50 ಲಕ್ಷದವರೆಗಿನ ನೆರವು ಇರುವುದು ಪಟ್ಟಿಯಲ್ಲಿ ಹೆಸರಿರುವ ಕಾಯಿಲೆಗಳಿಗೆ. ಹುಡುಕಾಟ ಬಿಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಶಾಲೆಯ ವಿಷಯಕ್ಕೆ, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಬಿಐಇಆರ್‌ಟಿ ಶಿಕ್ಷಕರನ್ನು, ಅಂದರೆ ಅಂಗವಿಕಲ ಮಕ್ಕಳ ಕಲಿಕೆಗೆಂದೇ ಇರುವವರನ್ನು ಕಾಣಿ. ಶಾಲೆಗೆ ಹೋಗಲಾಗದ ಮಗುವಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆಯೂ ಅವರ ಮೂಲಕವೇ ಆಗುತ್ತದೆ.

ಏಳನೆಯದು: ಇನ್ನೊಂದು ಮಗು

ರಿಸೆಸಿವ್ ಕಾಯಿಲೆಯಾದರೆ ಪ್ರತಿ ಬಸಿರಿನಲ್ಲೂ ಶೇ 25 ಸಾಧ್ಯತೆ. "ನಾಲ್ಕರಲ್ಲಿ ಒಂದು ಆಗಿಹೋಯಿತು, ಇನ್ನು ಮೂರು ಚೆನ್ನಾಗಿರುತ್ತವೆ" ಎಂಬ ಲೆಕ್ಕ ತಪ್ಪು, ಪ್ರತಿ ಸಲವೂ ಅದೇ ನಾಲ್ಕರಲ್ಲೊಂದು. ಮಗುವಿನಲ್ಲಿ ಹೊಸದಾಗಿ ಆದ ದೋಷ ಎಂದು ಖಚಿತವಾಗಿದ್ದರೆ ಸಾಧ್ಯತೆ ಬಹಳ ಕಡಿಮೆ, ಆದರೂ ಸೊನ್ನೆಯಲ್ಲ. ಜೀನ್ ಗೊತ್ತಿದ್ದರೆ 11ರಿಂದ 14 ವಾರದಲ್ಲಿ ಸಿವಿಎಸ್ (ಮಾಸುವಿನ ಚೂರು ತೆಗೆದು ನೋಡುವುದು), 16 ವಾರದ ನಂತರ ಆಮ್ನಿಯೋಸೆಂಟಿಸಿಸ್ (ಗರ್ಭದ ನೀರು ತೆಗೆದು ನೋಡುವುದು) ಮಾಡಿಸಬಹುದು. ಗೊತ್ತಿಲ್ಲದಿದ್ದರೆ ಏನನ್ನು ಹುಡುಕಬೇಕೆಂದೇ ಇಲ್ಲ. ಸ್ಕ್ಯಾನಿಂಗ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಈ ಕಾಯಿಲೆ ಇಲ್ಲ ಎಂದಾಗುವುದಿಲ್ಲ. ಆದ್ದರಿಂದ ಬಸಿರಾದ ಮೇಲಲ್ಲ, ಯೋಚಿಸುತ್ತಿರುವಾಗಲೇ ಜೆನೆಟಿಕ್ಸ್ ಡಾಕ್ಟರನ್ನು ನೋಡಿ.

ಹೇಳಲು ಕಷ್ಟವಾದರೂ ಹೇಳಲೇಬೇಕಾದದ್ದು ಒಂದಿದೆ. ಮಗುವಿನ ಸ್ಥಿತಿ ಬಿಗಡಾಯಿಸುತ್ತಿದ್ದರೆ ಡಿಎನ್‌ಎ ಎತ್ತಿಡಲು ಕೇಳಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಎರಡು ಮೂರು ಮಿಲಿ ರಕ್ತ, ತಜ್ಞರು ಹೇಳಿದರೆ ಚರ್ಮದ ಸಣ್ಣ ಚೂರು. ಆ ಗಳಿಗೆಯಲ್ಲಿ ಯಾರಿಗೂ ಇದು ಹೊಳೆಯುವುದಿಲ್ಲ, ಡಾಕ್ಟರಿಗೂ ಕೇಳಲು ಬಾಯಿ ಬರುವುದಿಲ್ಲ. ಮಗು ಹೋದ ಎಷ್ಟೋ ವರ್ಷಗಳ ಮೇಲೆ ಹೆಸರು ಸಿಗುವುದು ಆ ಒಂದು ಟ್ಯೂಬಿನಿಂದ. ತುರ್ತು ಹಾಳೆಯ ಕೊನೆಯಲ್ಲಿ ಒಂದು ಸಾಲಾಗಿ ಈಗಲೇ ಬರೆದಿಟ್ಟರೆ, ಆ ಹೊತ್ತಿನಲ್ಲಿ ನೀವು ಬಾಯಿಬಿಟ್ಟು ಕೇಳಬೇಕಾಗಿ ಬರುವುದಿಲ್ಲ.

ಮನೆಯಲ್ಲಿ ಆರೋಗ್ಯವಾಗಿರುವ ಇನ್ನೊಂದು ಮಗು ಇದ್ದರೆ ಅದಕ್ಕೆ ನಿಜ ಹೇಳಿ. ಐದು ವರ್ಷದವಳಿಗೆ "ತಮ್ಮನ ಮೈಯೊಳಗೆ ಒಂದು ಸೂಚನೆ ತಪ್ಪಾಗಿ ಬರೆದಿದೆ, ಅದು ನಿನ್ನಿಂದಾದದ್ದಲ್ಲ, ನಿನಗೆ ಅಂಟುವುದೂ ಇಲ್ಲ" ಎಂದರೆ ಸಾಕು. ಅಂಟುತ್ತದೆ ಎಂಬ ಭಯವನ್ನು ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ವಾರಕ್ಕೆ ಒಂದು ಗಂಟೆ ಅವಳೊಬ್ಬಳದ್ದೇ ಇರಲಿ, ಆಸ್ಪತ್ರೆಯ ದಿನವೂ ತಪ್ಪದಂತೆ. ಅವಳು ವಾಹಕಳೇ, ಅಂದರೆ ತನಗೆ ಕಾಯಿಲೆ ಇಲ್ಲದೆ ದೋಷದ ಜೀನ್ ಹೊತ್ತಿರುವವಳೇ ಎಂಬ ಪರೀಕ್ಷೆಯನ್ನು ಈಗ ಮಾಡಿಸಬೇಡಿ. ಹದಿನೆಂಟು ದಾಟಿದ ಮೇಲೆ ಬೇಕೋ ಬೇಡವೋ ಅವಳೇ ತೀರ್ಮಾನಿಸಲಿ. ಆ ಹೊತ್ತಿಗೆ ಬಾಕ್ಸ್ ಫೈಲು, ವಂಶವೃಕ್ಷ, ಹಾರ್ಡ್ ಡಿಸ್ಕ್ ಮೂರೂ ಎಲ್ಲಿವೆ ಎಂದು ಅವಳಿಗೆ ಗೊತ್ತಿರಬೇಕು.